ರೋಗದ ಹೆಸರಿಗಿಂತ ಮೊದಲು ವಿಧಾನ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಾದ ಎಂಪಿಎಚ್‌ನಲ್ಲಿ ಎಪಿಡೆಮಿಯಾಲಜಿ (ರೋಗಗಳ ಹರಡುವಿಕೆ ಮತ್ತು ಕಾರಣಗಳ ಶಾಸ್ತ್ರ) ಓದಲು ಹೊರಟವರಿಗೆ ಬೇಗನೆ ಎದುರಾಗುವ ಪ್ರಶ್ನೆ, ಯಾವ ಸ್ಪೆಷಲೈಸೇಶನ್ ಎಂಬುದು. ಸೋಂಕು ರೋಗವೋ, ಕ್ಯಾನ್ಸರೋ, ಹೃದ್ರೋಗವೋ? ಹೀಗೆ ರೋಗದ ಹೆಸರು ಹಿಡಿದು ಶಾಖೆ ಆರಿಸುವ ಪದ್ಧತಿ ಎರಡು ವರ್ಷದ ಪದವಿಗೆ ಹೊಂದುವುದಿಲ್ಲ. ಈ ಶಾಸ್ತ್ರವನ್ನು ಬೆಳೆಸಿದವರ ಕೆಲಸವೇ ಅದಕ್ಕೆ ಸಾಕ್ಷಿ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ವೈದ್ಯರಲ್ಲ, ಅರ್ಥಶಾಸ್ತ್ರದ ಪದವೀಧರ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಫಲ ಕೊಡುತ್ತದೆಯೇ ಎಂದು ತಿಳಿಯಲು ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪಾಗಿಸಿದ, 1948ರಲ್ಲಿ ಪ್ರಕಟವಾದ ಪ್ರಯೋಗದ ವಿನ್ಯಾಸ ಅವರದು. 1950ರಲ್ಲಿ ಅವರೇ ರಿಚರ್ಡ್ ಡಾಲ್ ಜೊತೆಗೂಡಿ ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ತೋರಿಸಿದರು. ಲಂಡನ್ನಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗೂ ಬೇರೆ ಕಾಯಿಲೆಯವರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಹೋಲಿಸಿದ ಅಧ್ಯಯನವದು. ಕಾಯಿಲೆ ಬಿದ್ದ ಮೇಲೆ ಕೇಳಿ ಪಡೆದ ಉತ್ತರವನ್ನು ಪೂರ್ತಿ ನಂಬಲಾಗದು. ಹಾಗಾಗಿ 1951ರಿಂದ ಬ್ರಿಟಿಷ್ ವೈದ್ಯರ ಧೂಮಪಾನದ ವಿವರವನ್ನು ಮೊದಲೇ ಬರೆಸಿಕೊಂಡು, ಮುಂದೆ ಯಾರು ಯಾವ ಕಾಯಿಲೆಯಿಂದ ಸತ್ತರೆಂದು ವರ್ಷಗಟ್ಟಲೆ ಗಮನಿಸಿದರು. ಕ್ಷಯದಿಂದ ಕ್ಯಾನ್ಸರಿಗೆ ಹಿಲ್ ಅವರ ಜೊತೆ ಬಂದದ್ದು ನ್ಯಾಯವಾದ ಹೋಲಿಕೆಯನ್ನು ಕಟ್ಟುವ ಪರಿಣತಿ.

ರೋಗವನ್ನೇ ಅರಿಯದವರ ಕೈಯಲ್ಲಿ ಅಂಕಿಅಂಶ ಕುರುಡಲ್ಲವೇ ಎಂಬ ಆಕ್ಷೇಪ ತೂಕದ್ದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನೇ ನೋಡಿ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಅದನ್ನು ಹರಡುವ ಮರಿ ಉಣುಗುಗಳು ಹೆಚ್ಚುತ್ತವೆಂದು ಗೊತ್ತಿಲ್ಲದಿದ್ದರೆ, ಕಾಯಿಲೆ ಆಗಲೇ ಏಕೆ ಏರುತ್ತದೆಂಬುದು ಅರ್ಥವಾಗದು. ಆದರೆ ಇದೇ ಕಾಯಿಲೆ ಶಾಖೆಗಳ ಗೋಡೆಯನ್ನೂ ಒಡೆಯುತ್ತದೆ. ವೈರಸ್, ಉಣುಗು, ಮಂಗ, ಉಣುಗುಗಳಿಗೆ ರಕ್ತ ಒದಗಿಸುವ ದನ, ಕಡಿದ ಕಾಡು, ಸೌದೆ ದರಗಿಗೆ ಹೋಗುವ ಜನ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಗರ್ಭಕಂಠದ ಕ್ಯಾನ್ಸರ್ ಕೂಡ ಬಹುಪಾಲು ಎಚ್‌ಪಿವಿ ಎಂಬ ವೈರಸ್ ಸೋಂಕಿನ ಫಲ. ಮಧುಮೇಹ ಇದ್ದವರಿಗೆ ಕ್ಷಯದ ಅಪಾಯ ಹೆಚ್ಚು. ಸೋಂಕು ರೋಗ, ದೀರ್ಘಕಾಲದ ರೋಗ ಎಂಬ ವಿಂಗಡಣೆ ಪಠ್ಯಕ್ರಮದ ಅನುಕೂಲ, ದೇಹಕ್ಕೆ ಅದರ ಹಂಗಿಲ್ಲ.

ಕೆಲಸ ಕೊಡುವವರು ನಿರ್ದಿಷ್ಟ ಕ್ಷೇತ್ರದ ಅನುಭವ ಕೇಳುತ್ತಾರೆಂಬುದೂ ನಿಜ. ಅದನ್ನು ಗಳಿಸಲು ಪ್ರಬಂಧ ಮತ್ತು ಕ್ಷೇತ್ರಕಾರ್ಯವಿದೆ. ಅಲ್ಲಿ ಒಂದೇ ರೋಗವನ್ನು ಆಳವಾಗಿ ಓದಲಿ. ತರಗತಿಯ ಸಮಯ ಮಾತ್ರ ಅಧ್ಯಯನ ವಿನ್ಯಾಸ, ಪೂರ್ವಗ್ರಹದ ಪತ್ತೆ, ಕಾರಣ ನಿರ್ಣಯ, ರೋಗ ಕಣ್ಗಾವಲು ಇವಕ್ಕೆ ಮೀಸಲಾಗಬೇಕು. ಮುಂದೆ ಯಾವ ರೋಗ ಎದುರಾಗುತ್ತದೋ ಯಾರಿಗೂ ಗೊತ್ತಿಲ್ಲ. ಅದನ್ನು ಸರಿಯಾಗಿ ಪ್ರಶ್ನಿಸಬಲ್ಲವರನ್ನು ತಯಾರು ಮಾಡುವುದೇ ಈ ಪದವಿಯ ಹೊಣೆ.