ತೆರೆಯ ಮೇಲಿನ ಲೂಕ: ಶುಭಸಂದೇಶ ಪ್ರಸಾರದಲ್ಲಿ ಚಲನಚಿತ್ರ

ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ಗ್ರಾಮಗಳಲ್ಲಿ ಕಳೆದ ನಾಲ್ಕು ದಶಕಗಳಿಂದೀಚೆಗೆ ಯೇಸುಸ್ವಾಮಿಯ ಕಥೆಯನ್ನು ಮೊದಲ ಬಾರಿಗೆ ಅರಿತವರಲ್ಲಿ ಅನೇಕರು ಅದನ್ನು ಬಯಲಿನಲ್ಲಿ ಕಟ್ಟಿದ ಬಿಳಿಯ ತೆರೆಯ ಮೇಲೆ ಕಂಡವರು. ಆ ತೆರೆಯ ಮೇಲೆ ಬಹುಪಾಲು ಮೂಡಿದ್ದು ಒಂದೇ ಚಿತ್ರ: 1979ರಲ್ಲಿ ಬಿಡುಗಡೆಯಾದ ‘ಜೀಸಸ್’. ಜಾನ್ ಹೇಮನ್ ನಿರ್ಮಿಸಿ, ಪೀಟರ್ ಸೈಕ್ಸ್ ಮತ್ತು ಜಾನ್ ಕ್ರಿಶ್ ನಿರ್ದೇಶಿಸಿದ ಈ ಚಿತ್ರವು ಸಂತ ಲೂಕನ ಶುಭಸಂದೇಶವನ್ನು ಆಧರಿಸಿದೆ. ಬ್ರಯನ್ ಡೀಕನ್ ಎಂಬ ಇಂಗ್ಲಿಷ್ ನಟ ಯೇಸುವಿನ ಪಾತ್ರ ವಹಿಸಿದ್ದಾರೆ. ‘ಕ್ಯಾಂಪಸ್ ಕ್ರುಸೇಡ್ ಫಾರ್ ಕ್ರೈಸ್ಟ್’ ಸಂಸ್ಥೆಯು ಇದನ್ನು ಧರ್ಮಪ್ರಚಾರದ ಸಾಧನವಾಗಿ ಕೈಗೆತ್ತಿಕೊಂಡು, ಇಂದಿಗೆ 2000ಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಮಾಡಿಸಿದೆ. ಕನ್ನಡವೂ ಅವುಗಳಲ್ಲೊಂದು. ಇಷ್ಟು ಭಾಷೆಗಳನ್ನಾಡಿದ ಚಲನಚಿತ್ರ ಬೇರೊಂದಿಲ್ಲ.

ಈ ಚಿತ್ರವು ನಮ್ಮ ಧರ್ಮಸಭೆಯ ಕೃತಿಯಲ್ಲದಿದ್ದರೂ ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲಿಯೂ, ತಪಸ್ಸುಕಾಲದ ಕಾರ್ಯಕ್ರಮಗಳಲ್ಲಿಯೂ ಸ್ಥಾನ ಪಡೆದಿದೆ. ಆದುದರಿಂದ ಅದನ್ನು ವಿಮರ್ಶಿಸುವ ಹೊಣೆ ನಮಗೂ ಇದೆ. ಚಿತ್ರವು ಉತ್ತಮವೋ ಅಲ್ಲವೋ ಎಂಬ ಕಲಾವಿಮರ್ಶೆಯ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಲೂಕನ ಶುಭಸಂದೇಶವು ‘ನೋಡುವುದು’ ಎಂಬ ಕ್ರಿಯೆಯ ಕುರಿತು ಏನು ಬೋಧಿಸುತ್ತದೆ, ಲೂಕನನ್ನು ತೆರೆಗೆ ತಂದ ಚಿತ್ರವು ಆ ಬೋಧನೆಗೆ ನಿಷ್ಠವಾಗಿದೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಚಿತ್ರಗಳನ್ನು ಸಾರಾಸಗಟಾಗಿ ತಿರಸ್ಕರಿಸುವ ನಿಲುವು ಕಥೋಲಿಕ ಪರಂಪರೆಗೆ ಸೇರಿದ್ದಲ್ಲ. ಸುಮಾರು 600ರಲ್ಲಿ ಮಾರ್ಸೇಯ ಧರ್ಮಾಧ್ಯಕ್ಷ ಸೆರೇನುಸ್ ತನ್ನ ದೇವಾಲಯಗಳ ಚಿತ್ರಗಳನ್ನು ಒಡೆಸಿಹಾಕಿದಾಗ, ಮಹಾ ಗ್ರೆಗೊರಿ ಅವನನ್ನು ಆಕ್ಷೇಪಿಸಿ, ಓದಲಾರದವರು ಚಿತ್ರಗಳ ಮೂಲಕ ಓದುತ್ತಾರೆಂದು ನೆನಪಿಸಿದರು. 787ರ ಎರಡನೆಯ ನೀಸಿಯ ಮಹಾಸಭೆಯು ಪವಿತ್ರ ಚಿತ್ರಗಳ ಗೌರವವನ್ನು ಎತ್ತಿಹಿಡಿಯಿತು. ನಮ್ಮ ಕಾಲದಲ್ಲಿ ‘ಇಂತೆರ್ ಮಿರಿಫಿಕಾ’ (1963) ಸಮೂಹ ಮಾಧ್ಯಮಗಳನ್ನು ಸ್ವಾಗತಿಸಿತು. ಆರನೆಯ ಪೌಲರು ‘ಎವಾಂಜೆಲಿ ನುಂಸಿಯಾಂದಿ’ಯಲ್ಲಿ (1975) ಈ ಸಾಧನಗಳನ್ನು ಬಳಸದೆ ಹೋದರೆ ಧರ್ಮಸಭೆಯು ಪ್ರಭುವಿನ ಮುಂದೆ ತಪ್ಪಿತಸ್ಥಳಾಗುವಳೆಂಬ ಮಾತನ್ನಾಡಿದರು. ಚಲನಚಿತ್ರದ ಪರವಾಗಿ ವಾದಿಸುವವರು ಇಲ್ಲಿಯವರೆಗೆ ಉದ್ಧರಿಸಿ ನಿಲ್ಲಿಸುವುದು ರೂಢಿ. ಆದರೆ ಅದೇ ಪರಿಚ್ಛೇದವು ಮುಂದುವರಿದು, ಅಸಂಖ್ಯರನ್ನು ತಲುಪುವ ಸಂದೇಶವು ಒಬ್ಬೊಬ್ಬರ ಅಂತಃಸಾಕ್ಷಿಯನ್ನೂ ಮುಟ್ಟಬಲ್ಲುದೇ ಎಂದು ಕೇಳುತ್ತದೆ. ಅದರ ಬೆನ್ನಿಗೇ ಬರುವ ಪರಿಚ್ಛೇದವು ಮುಖಾಮುಖಿಯಾಗಿ ಒಬ್ಬರಿಂದೊಬ್ಬರಿಗೆ ಸಲ್ಲುವ ಸಾಕ್ಷ್ಯದ ಅನಿವಾರ್ಯತೆಯನ್ನು ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ಓದಬೇಕು.

ಗ್ರೆಗೊರಿಯ ವಾದವನ್ನು ಚಲನಚಿತ್ರಕ್ಕೆ ನೇರವಾಗಿ ಅನ್ವಯಿಸುವಾಗ ಒಂದು ವ್ಯತ್ಯಾಸವನ್ನು ಮರೆಯಲಾಗದು. ದೇವಾಲಯದ ಗೋಡೆಯ ಚಿತ್ರವು ಆರಾಧಿಸುವ ಸಮುದಾಯದ ನಡುವೆ ಇರುತ್ತದೆ. ಭಕ್ತನು ಅದರ ಮುಂದೆ ತನಗೆ ಬೇಕಾದಷ್ಟು ಹೊತ್ತು ನಿಲ್ಲುತ್ತಾನೆ, ಪಕ್ಕದವರನ್ನು ಕೇಳುತ್ತಾನೆ, ಮರುವಾರ ಮತ್ತೆ ಬರುತ್ತಾನೆ. ಚಲನಚಿತ್ರವಾದರೋ ತನ್ನದೇ ವೇಗದಲ್ಲಿ ಸಾಗುತ್ತದೆ. ನೋಡುಗನ ಪ್ರಶ್ನೆಗಾಗಿ ಅದು ಕಾಯದು. ಸಂಚಾರಿ ತಂಡದ ಪ್ರದರ್ಶನವಾದರೆ, ಮರುದಿನ ಬೆಳಗ್ಗೆ ತೆರೆಯೂ ಇಲ್ಲ, ಅದನ್ನು ಕಟ್ಟಿದವರೂ ಇಲ್ಲ.

‘ಜೀಸಸ್’ ಚಿತ್ರದ ಬೆಂಬಲಿಗರು ಅದರ ಶಬ್ದನಿಷ್ಠೆಯನ್ನು ಮುಂದೊಡ್ಡುತ್ತಾರೆ: ಸಂಭಾಷಣೆಗಳು ಬಹುಮಟ್ಟಿಗೆ ಲೂಕನವೇ, ಆದುದರಿಂದ ಇದು ವ್ಯಾಖ್ಯಾನವಲ್ಲ, ಶ್ರೀಗ್ರಂಥವೇ ಎಂಬುದು ಅವರ ನಿಲುವು. ಈ ಮಾತು ಕಿವಿಗೆ ಸಂಬಂಧಿಸಿದಂತೆ ಬಹುತೇಕ ನಿಜ. ಆದರೆ ಲೂಕನು ಯೇಸುವಿನ ಮುಖವನ್ನು ಎಲ್ಲಿಯೂ ಬಣ್ಣಿಸಿಲ್ಲ. ಚಿತ್ರವು ಬಣ್ಣಿಸಲೇಬೇಕು. ಯಾವ ನಟ, ಯಾವ ಮೈಬಣ್ಣ, ಯಾವ ನೋಟ, ಕ್ಯಾಮೆರಾ ಎಲ್ಲಿ ನಿಂತಿದೆ ಎಂಬ ಪ್ರತಿಯೊಂದು ಆಯ್ಕೆಯೂ ವ್ಯಾಖ್ಯಾನವೇ. 2000 ಭಾಷೆಗಳಿಗೆ ಅನುವಾದವಾದುದು ಮಾತು ಮಾತ್ರ, ದೃಶ್ಯವು ಒಂದು ಭಾಷೆಗೂ ಅನುವಾದವಾಗಲಿಲ್ಲ. ಫರಿಸಾಯನಾದ ಸಿಮೋನನ ಮನೆಯಲ್ಲಿ ಪಾಪಿಯಾದ ಸ್ತ್ರೀ ತನ್ನ ಕಣ್ಣೀರಿನಿಂದ ಯೇಸುವಿನ ಪಾದಗಳನ್ನು ತೊಳೆದು ಕೂದಲಿನಿಂದ ಒರೆಸುವ ಪ್ರಸಂಗವನ್ನು ತೆಗೆದುಕೊಳ್ಳೋಣ. ಪಾದ ಮುಟ್ಟುವುದು ನಮ್ಮ ಜನರಿಗೆ ನಿತ್ಯದ ಗೌರವಾಚಾರ, ಅದರಲ್ಲಿ ಹಗರಣವೇನೂ ಅವರಿಗೆ ಕಾಣದು. ಬಿಚ್ಚಿದ ಮುಡಿಯಾದರೋ ದ್ರೌಪದಿಯನ್ನೂ ಸಾವಿನ ಮನೆಯನ್ನೂ ನೆನಪಿಗೆ ತರುತ್ತದೆ. ಸಿಮೋನನಿಗೆ ಏಕೆ ಅಸಹ್ಯವಾಯಿತು ಎಂಬುದನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ, ಕ್ಷಮೆಯ ಆ ದೃಶ್ಯವು ಬರಿಯ ಭಕ್ತಿಯ ದೃಶ್ಯವಾಗಿ ಉಳಿಯುತ್ತದೆ.

ಇನ್ನು ಲೂಕನ ಕಡೆಗೆ ತಿರುಗೋಣ. ತನ್ನ ಗ್ರಂಥವನ್ನು ಅವನು ಥೆಯೋಫಿಲನಿಗೆ ಅರ್ಪಿಸುವಾಗ, ಆತನು ಈಗಾಗಲೇ ಉಪದೇಶ ಪಡೆದವನೆಂದು ಸೂಚಿಸುತ್ತಾನೆ. ಅಲ್ಲಿ ಬಳಕೆಯಾದ ‘ಕತೇಖೆಯೊ’ ಎಂಬ ಗ್ರೀಕ್ ಕ್ರಿಯಾಪದದಿಂದಲೇ ನಮ್ಮ ಧರ್ಮೋಪದೇಶಕ್ಕೆ ಪಶ್ಚಿಮದ ಭಾಷೆಗಳಲ್ಲಿರುವ ಹೆಸರು ಹುಟ್ಟಿದೆ. ಅಂದರೆ ಈ ಶುಭಸಂದೇಶವು ಕೇಳಿ ಕಲಿತವನೊಬ್ಬನ ಅರಿವನ್ನು ದೃಢಪಡಿಸಲು ಬರೆದುದು. ಅದರ ಸುತ್ತ ಒಂದು ಸಮುದಾಯವಿದೆ, ಕಲಿಸುವವರಿದ್ದಾರೆ. ಏನೂ ಕೇಳದ ಜನಸ್ತೋಮದ ಮುಂದೆ ಅದನ್ನೇ ಎರಡು ಗಂಟೆಗಳಲ್ಲಿ ಓಡಿಸಿ, ಕೊನೆಯಲ್ಲಿ ವಿಶ್ವಾಸದ ನಿರ್ಧಾರಕ್ಕೆ ಕರೆ ಕೊಡುವುದು ಲೂಕನ ಕ್ರಮವನ್ನು ತಲೆಕೆಳಗು ಮಾಡಿದಂತೆ.

ನೋಡುಗರ ವಿಷಯದಲ್ಲಿಯೂ ಲೂಕನು ಮೌನಿಯಲ್ಲ. ಅವನ ಪಾಡುಗಳ ಕಥನದಲ್ಲಿ ಹೆರೋದನು ಬರುತ್ತಾನೆ. ಬಹುಕಾಲದಿಂದ ಯೇಸುವನ್ನು ನೋಡಬೇಕೆಂದು, ಅವರು ಮಾಡುವ ಅದ್ಭುತವೊಂದನ್ನು ಕಾಣಬೇಕೆಂದು ಅವನಿಗೆ ಆಸೆ. ಕೊನೆಗೆ ಯೇಸು ಎದುರಿಗೆ ಬಂದು ನಿಂತಾಗ ಅವನಿಗೆ ದೊರೆತದ್ದು ಮೌನ. ಪ್ರೇಕ್ಷಕನಾಗಿ ಮಾತ್ರ ಬಂದವನಿಗೆ ಯೇಸು ಏನನ್ನೂ ತೋರಿಸುವುದಿಲ್ಲ. ಕಲ್ವಾರಿಯಲ್ಲಿ ನೆರೆದ ಜನರನ್ನು ಹೇಳುವಾಗ ಲೂಕನು ‘ಥೆಯೊರಿಯ’ ಎಂಬ ಪದವನ್ನು ಬಳಸುತ್ತಾನೆ. ನೋಟ, ಪ್ರದರ್ಶನ ಎಂದು ಅರ್ಥ ಕೊಡುವ ಈ ಪದವು ಹೊಸ ಒಡಂಬಡಿಕೆಯಲ್ಲಿ ಬರುವುದು ಇಲ್ಲಿ ಮಾತ್ರ. ಆ ನೋಟಕ್ಕೆಂದು ಬಂದವರು ಎದೆ ಬಡಿದುಕೊಳ್ಳುತ್ತಾ ಮನೆಗೆ ಮರಳಿದರು. ಅವರು ಅತ್ತದ್ದು ಸತ್ಯ. ಆದರೆ ಲೂಕನು ಅದನ್ನು ಪರಿವರ್ತನೆಯೆಂದು ಕರೆಯುವುದಿಲ್ಲ. ಪರಿವರ್ತನೆಗಾಗಿ ‘ಪ್ರೇಷಿತರ ಕಾರ್ಯಕಲಾಪಗಳ’ ಎರಡನೆಯ ಅಧ್ಯಾಯದವರೆಗೆ, ಪೇತ್ರನು ಎದ್ದು ನಿಂತು ಬೋಧಿಸುವವರೆಗೆ, ಜನರು ತಾವು ಏನು ಮಾಡಬೇಕೆಂದು ಕೇಳುವವರೆಗೆ ಕಾಯಬೇಕು. ಚಿತ್ರ ಮುಗಿದಾಗ ಕಣ್ಣೀರಿಟ್ಟವರನ್ನೂ ಕೈಯೆತ್ತಿದವರನ್ನೂ ಎಣಿಸಿ ವರದಿ ಬರೆಯುವ ಪದ್ಧತಿಗೆ ಲೂಕನಿಂದ ಸಮರ್ಥನೆ ದೊರೆಯದು.

ಎಮ್ಮಾವು ಹಾದಿಯ ಪ್ರಸಂಗವು ಇವೆಲ್ಲಕ್ಕೂ ಶಿಖರಪ್ರಾಯವಾದುದು. ಇಬ್ಬರು ಶಿಷ್ಯರು ಯೇಸುವನ್ನು ಕಣ್ಣಾರೆ ನೋಡಿಯೂ ಗುರುತಿಸಲಿಲ್ಲ. ದಾರಿಯುದ್ದಕ್ಕೂ ಪ್ರಶ್ನೆ, ಉತ್ತರ, ಶ್ರೀಗ್ರಂಥದ ವಿವರಣೆ ನಡೆಯಿತು. ಆಮೇಲೆ ರೊಟ್ಟಿ ಮುರಿಯುವಾಗ ಕಣ್ಣು ತೆರೆಯಿತು. ತೆರೆದ ಕ್ಷಣದಲ್ಲಿಯೇ ಅವರು ಅದೃಶ್ಯರಾದರು. ನಮ್ಮ ಭಕ್ತಿಪ್ರಧಾನ ಚಲನಚಿತ್ರಗಳ ಕ್ರಮ ಇದಕ್ಕೆ ವಿರುದ್ಧವಾದುದು. ‘ಬೇಡರ ಕಣ್ಣಪ್ಪ’ನಿಂದ (1954) ಹಿಡಿದು ನಾವು ನೋಡುತ್ತ ಬಂದ ಆ ಪರಂಪರೆಯಲ್ಲಿ ಭಕ್ತನ ಪರೀಕ್ಷೆ ಮುಗಿದಾಗ ದೇವರು ಪ್ರತ್ಯಕ್ಷನಾಗುತ್ತಾನೆ, ದರ್ಶನವೇ ಕಥೆಯ ಫಲ. ಲೂಕನಲ್ಲಿ ಕಾಣಿಸಿಕೊಂಡವರು ಮರೆಯಾಗುತ್ತಾರೆ, ಕೈಯಲ್ಲಿ ಉಳಿಯುವುದು ಮುರಿದ ರೊಟ್ಟಿ ಮತ್ತು ಜೆರುಸಲೇಮಿಗೆ ಮರಳುವ ದಾರಿ. ದರ್ಶನಕ್ಕೆ ಒಗ್ಗಿದ ಕಣ್ಣಿಗೆ ಯೇಸುವಿನ ಚಿತ್ರವನ್ನು ತೋರಿಸುವವನು ಈ ವ್ಯತ್ಯಾಸವನ್ನು ಅರಿತಿರಬೇಕು.

ನೋಡುಗನು ತಾನು ತಂದ ಕಣ್ಣಿನಿಂದಲೇ ನೋಡುತ್ತಾನೆಂಬುದಕ್ಕೆ ಭಾರತೀಯ ಚಲನಚಿತ್ರದ ಹುಟ್ಟೇ ಸಾಕ್ಷಿ. ಸುಮಾರು 1910ರಲ್ಲಿ ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಚಿತ್ರವೊಂದನ್ನು ನೋಡಿದ ದಾದಾಸಾಹೇಬ್ ಫಾಲ್ಕೆ, ಅದನ್ನು ನೋಡುತ್ತಿರುವಾಗಲೇ ತಮ್ಮ ಮನಸ್ಸು ಕೃಷ್ಣನನ್ನೂ ರಾಮನನ್ನೂ ಚಿತ್ರಿಸಿಕೊಳ್ಳುತ್ತಿತ್ತೆಂದು ಮುಂದೆ ಬರೆದುಕೊಂಡರು. ಅದರ ಫಲ 1913ರ ‘ರಾಜಾ ಹರಿಶ್ಚಂದ್ರ’. ಚಿತ್ರವು ಅವರನ್ನು ಆಳವಾಗಿ ಮುಟ್ಟಿತ್ತು. ಆದರೆ ಮುಟ್ಟಿದ ಬಗೆಯನ್ನು ತೋರಿಸಿದವರು ನಿರ್ಧರಿಸಲಿಲ್ಲ. ಮಾಧ್ಯಮವು ತಾನಾಗಿ ಸಂದೇಶವನ್ನು ತಲುಪಿಸಿಬಿಡುತ್ತದೆಂದು ನಂಬುವವರು ಈ ಪ್ರಸಂಗವನ್ನು ಧ್ಯಾನಿಸಬೇಕು.

ದೃಶ್ಯವನ್ನೇ ನೆಲದ ಭಾಷೆಗೆ ತರುವ ಪ್ರಯತ್ನವೂ ನಡೆದಿದೆ. 1978ರ ತೆಲುಗು ಚಿತ್ರ ‘ಕರುಣಾಮಯುಡು’ ಅದರ ಶ್ರೇಷ್ಠ ನಿದರ್ಶನ. ಎ. ಭೀಮ್‌ಸಿಂಗ್ ಅವರ ನಿರ್ದೇಶನ, ವಿಜಯಚಂದರ್ ಅವರ ಯೇಸು. ಫ್ರಾನ್ಸಿಸ್ಕನ್ ಗುರು ಕ್ರಿಸ್ಟೋಫರ್ ಕೊಯೆಲ್ಹೊ ಅವರ ಪಾಲೂ ಅದರಲ್ಲಿದೆ. ಹಾಡು, ರಾಗ, ಭಾವಾಭಿನಯ ಎಲ್ಲವೂ ಪೌರಾಣಿಕ ಚಿತ್ರಗಳ ಮನೆತನಕ್ಕೆ ಸೇರಿದವು. ಹಿಂದಿ ಮೊದಲಾದ ಭಾಷೆಗಳಿಗೆ ಡಬ್ ಆಗಿ, ಸಂಚಾರಿ ತಂಡಗಳ ಮೂಲಕ ಇದೂ ಊರೂರು ಸುತ್ತಿತು. ಶಿಲುಬೆಯ ಹಾದಿಯ ದೃಶ್ಯಕ್ಕೆ ಮೋದುಕೂರಿ ಜಾನ್ಸನ್ ಬರೆದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಗೀತೆಯು ಆ ಯಾತ್ರೆಯನ್ನು ಕರುಣೆಯ ರಥದ ಚಲನೆಯಾಗಿ ಕಾಣಿಸುತ್ತದೆ. ತೇರು ಎಳೆಯುವ ನಾಡಿನಲ್ಲಿ ಇದಕ್ಕಿಂತ ಸಮರ್ಥವಾದ ರೂಪಕ ದೊರೆಯದು. ಉತ್ಸವಮೂರ್ತಿಯ ಬದಲು ಪೆಟ್ಟು ತಿಂದ ಮನುಷ್ಯನೊಬ್ಬ, ಹೂಮಾಲೆಯ ಬದಲು ಮುಳ್ಳಿನ ಕಿರೀಟ: ಜನರಿಗೆ ಚಿರಪರಿಚಿತವಾದ ಮೆರವಣಿಗೆಯೇ ಇಲ್ಲಿ ಪ್ರಶ್ನೆಯಾಗುತ್ತದೆ. ‘ಜೀಸಸ್’ ಚಿತ್ರದ ಶಬ್ದನಿಷ್ಠೆಗಿಂತ ಈ ಸ್ವಾತಂತ್ರ್ಯವೇ ಶುಭಸಂದೇಶಕ್ಕೆ ಹತ್ತಿರವಾದುದೆಂದು ನನ್ನ ಅಭಿಪ್ರಾಯ. ಆದರೆ ಅಪಾಯವೂ ಅಲ್ಲಿಯೇ ಇದೆ. ಪೌರಾಣಿಕ ಚಿತ್ರದ ಭಾಷೆಯನ್ನು ಪಡೆದ ಯೇಸು, ದೇವಗಣದಲ್ಲಿ ಇನ್ನೊಬ್ಬ ಕರುಣಾಳುವಾಗಿ ಸುಲಭವಾಗಿ ಸ್ಥಾನ ಪಡೆದುಬಿಡಬಹುದು. ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವರು ಬೇಕು. ಉತ್ತಮ ಚಿತ್ರಕ್ಕೂ ಉಪದೇಶಿ ಅವಶ್ಯಕ.

ಇಲ್ಲಿ ನೈತಿಕತೆಯ ಪ್ರಶ್ನೆಯೊಂದು ಎದುರಾಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ‘ದಿಗ್ನಿತಾತಿಸ್ ಹುಮಾನೆ’ (1965) ಧರ್ಮದ ಪ್ರಸಾರದಲ್ಲಿ ಒತ್ತಾಯವನ್ನೂ ಅಗೌರವದ ಮನವೊಲಿಕೆಯನ್ನೂ ನಿಷೇಧಿಸುತ್ತದೆ. ಬಡವರ ಮತ್ತು ಓದುಬರಹ ಬಾರದವರ ವಿಷಯದಲ್ಲಿ ಈ ಎಚ್ಚರ ವಿಶೇಷವಾಗಿ ಬೇಕೆಂದು ಅದು ಹೇಳುತ್ತದೆ. ಬಡ ದೇಶಗಳಲ್ಲಿ ಚಲನಚಿತ್ರ ಪ್ರದರ್ಶನದ ಪ್ರೇಕ್ಷಕರು ಇವರೇ. ಯಾವ ಚಿತ್ರ, ಯಾರು ತೋರಿಸುತ್ತಿದ್ದಾರೆ, ಯಾವ ಉದ್ದೇಶಕ್ಕೆ ಎಂಬುದನ್ನು ಮೊದಲೇ ತಿಳಿಸದೆ, ಕೇವಲ ಮನರಂಜನೆಯೆಂದು ಜನರನ್ನು ಕೂಡಿಸಿ, ಕತ್ತಲೆಯಲ್ಲಿ ಭಾವೋದ್ರೇಕಕ್ಕೆ ಒಳಪಡಿಸಿ, ಅದೇ ಬಿಸಿಯಲ್ಲಿ ಒಪ್ಪಿಗೆ ಕೇಳುವುದು ಈ ಬೋಧನೆಗೆ ಒಪ್ಪುವಂಥದ್ದಲ್ಲ. ಇದನ್ನು ನಾವು ದೂರವಿಡಬೇಕಾದದ್ದು ಕಾನೂನಿನ ಅಂಜಿಕೆಯಿಂದ ಅಲ್ಲ. ವಿಶ್ವಾಸವು ಸ್ವತಂತ್ರ ಮನುಷ್ಯನ ಉತ್ತರವಾಗಿರುವುದರಿಂದ, ಆ ಸ್ವಾತಂತ್ರ್ಯವನ್ನು ಕುಗ್ಗಿಸುವ ಯಾವ ವಿಧಾನವೂ ವಿಶ್ವಾಸವನ್ನೇ ಕುಗ್ಗಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಫ್ರೆಂಚ್ ಕೆನಡಾದಿಂದ ಬಂದ ಯೇಸುಸಭೆಯ ಗುರು ಗಾಸ್ತೋನ್ ರೊಬೆರ್ಜ್ 1970ರಲ್ಲಿ ಕಲ್ಕತ್ತೆಯಲ್ಲಿ, ಸತ್ಯಜಿತ್ ರಾಯ್ ಅವರ ನೆರವಿನೊಡನೆ ‘ಚಿತ್ರಬಾನಿ’ಯನ್ನು ಸ್ಥಾಪಿಸಿದರು. ಚಿತ್ರವನ್ನು ಧರ್ಮಪ್ರಚಾರದ ವಾಹನವಾಗಿಸುವುದಕ್ಕಿಂತ ಮೊದಲು, ಚಿತ್ರವನ್ನು ನೋಡಲು, ಪ್ರಶ್ನಿಸಲು, ತಾವೇ ತಯಾರಿಸಲು ಜನರಿಗೆ ಕಲಿಸುವುದು ಅಲ್ಲಿಯ ಕೆಲಸವಾಯಿತು. ಗುರುಮಠಗಳಲ್ಲಿ ನಾವು ಅನುಸರಿಸಬೇಕಾದ ಮಾರ್ಗ ಇದೇ ಎಂದು ನನಗೆ ತೋರುತ್ತದೆ. ಪ್ರೊಜೆಕ್ಟರ್ ಹೂಡುವುದನ್ನು ನಮ್ಮ ವಿದ್ಯಾರ್ಥಿಗಳು ಒಂದು ದಿನದಲ್ಲಿ ಕಲಿಯುತ್ತಾರೆ. ದೀಪ ಹಚ್ಚಿದ ಮೇಲೆ ಜನರ ನಡುವೆ ಕುಳಿತು, ಅವರು ಏನು ಕಂಡರೆಂದು ಕೇಳಿ, ಉತ್ತರಕ್ಕೆ ಕಿವಿಗೊಡುವುದನ್ನು ಕಲಿಯಲು ವರ್ಷಗಳು ಬೇಕು.

ಸೇವಾಕ್ಷೇತ್ರಕ್ಕೆ ಹೊರಡುವ ಗುರುಗಳಿಗೆ ಕೆಲವು ಸೂಚನೆಗಳನ್ನು ಮುಂದಿಡಬಹುದು. ಇಡೀ ಚಿತ್ರಕ್ಕಿಂತ ಒಂದೆರಡು ಪ್ರಸಂಗಗಳನ್ನು ಆರಿಸಿ ತೋರಿಸುವುದು ಲೇಸು. ತೋರಿಸಿದ ಮೇಲೆ ನೋಡಿದವರೇ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಲಿ, ಅದೇ ಪ್ರಸಂಗವನ್ನು ಶ್ರೀಗ್ರಂಥದಿಂದ ಗಟ್ಟಿಯಾಗಿ ಓದಲಿ. ಎರಡಕ್ಕೂ ಇರುವ ಅಂತರವನ್ನು ಅವರೇ ಗುರುತಿಸಿದಾಗ ಧರ್ಮೋಪದೇಶ ಆರಂಭವಾಗುತ್ತದೆ. ಪ್ರದರ್ಶನದ ರಾತ್ರಿಯೇ ನಿರ್ಧಾರವನ್ನು ಕೇಳಬಾರದು. ಮರುವಾರವೂ ಆ ಊರಿನಲ್ಲಿರುವ ಒಬ್ಬ ಉಪದೇಶಿ ಅಥವಾ ಧರ್ಮಭಗಿನಿ ಇಲ್ಲದ ಕಡೆ ತೆರೆ ಕಟ್ಟಬಾರದು.

ಇಂದು ಬಯಲಿನ ತೆರೆಯು ಅಂಗೈಯ ಮೊಬೈಲಿಗೆ ಇಳಿದಿದೆ. ಬಯಲಿನಲ್ಲಿ ಕನಿಷ್ಠ ಊರಿನವರೆಲ್ಲ ಒಟ್ಟಿಗೆ ಕುಳಿತಿದ್ದರು, ನಡುವೆ ಒಬ್ಬರಾದರೂ ಒಂದು ಮಾತು ಕೇಳುತ್ತಿದ್ದರು. ಮೊಬೈಲಿನ ಮುಂದೆ ಪ್ರತಿಯೊಬ್ಬನೂ ಒಂಟಿ. ಎರಡು ನಿಮಿಷದ ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ತೆರೆದುಕೊಳ್ಳುತ್ತದೆ. ಎರಡನೆಯ ಜಾನ್ ಪೌಲರು ‘ರೆದೆಂಪ್ತೋರಿಸ್ ಮಿಸ್ಸಿಯೊ’ದಲ್ಲಿ (1990) ಮಾಧ್ಯಮಗಳನ್ನು ಸಂದೇಶ ಹರಡಲು ಬಳಸಿದರಷ್ಟೇ ಸಾಲದು, ಅವು ಹುಟ್ಟುಹಾಕುವ ಸಂಸ್ಕೃತಿಯೊಳಗೆ ಸಂದೇಶವು ಬೆರೆಯಬೇಕೆಂದರು. ಹಾಗೆ ಬೆರೆಯಬೇಕಾದರೆ ವಿಡಿಯೋ ಕಳುಹಿಸಿದವನು ಕರೆ ಮಾಡಿ ಮಾತನಾಡಿಸಬೇಕು, ಮನೆಗೆ ಹೋಗಬೇಕು, ಜೊತೆಗೆ ನಡೆಯಬೇಕು. ಎಮ್ಮಾವು ಹಾದಿಯಲ್ಲಿ ಯೇಸು ಮಾಡಿದ್ದು ಅದನ್ನೇ, ಮತ್ತು ಆ ಕೆಲಸವನ್ನು ಯಾವ ಚಿತ್ರಕ್ಕೂ ವಹಿಸಿಕೊಡಲು ಬರುವುದಿಲ್ಲ.