ವಿಚಾರಣೆ, ವಿಮರ್ಶೆ, ತೀರ್ಪು: ಗಡಿನಾಡಿನ ದಿನವಾಚನದಲ್ಲಿ ದೈವನ್ಯಾಯ

ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಮತ್ತು ಗುಲ್ಬರ್ಗಾ ಜಿಲ್ಲೆಗಳ ಭಾಗವಾಗಿದ್ದವು. ಬಳಿಕ ಆಂಧ್ರಪ್ರದೇಶಕ್ಕೆ ಸೇರಿ, ಈಗ ತೆಲಂಗಾಣದ ಸಂಗಾರೆಡ್ಡಿ ಹಾಗೂ ವಿಕಾರಾಬಾದ್ ಜಿಲ್ಲೆಗಳಲ್ಲಿವೆ. ಶಾಲೆ, ಕಚೇರಿಗಳ ಭಾಷೆಯನ್ನು ಒಂದು ಆದೇಶ ಬದಲಿಸಬಲ್ಲದು. ಪ್ರಾರ್ಥನೆಯ ಭಾಷೆ ಆದೇಶದಿಂದ ಬದಲಾಗುವಂಥದಲ್ಲ. ಆದುದರಿಂದಲೇ ಈ ಸೀಮೆಯ ದ್ವಿಭಾಷಿಕ ಕ್ರೈಸ್ತನ ಮುಂದೆ ಎರಡು ಪುಸ್ತಕಗಳಿವೆ: ಕನ್ನಡದ 'ಸತ್ಯವೇದವು' ಮತ್ತು ತೆಲುಗಿನ 'ಪರಿಶುದ್ಧ ಗ್ರಂಥಮು'. ಕೆಲವು ಕಾಲದಿಂದ ನಾನು ದಿನಕ್ಕೊಂದು ಅಧ್ಯಾಯದಂತೆ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಿದ್ದೇನೆ. ದೈವನ್ಯಾಯವನ್ನು ಕುರಿತ ಭಾಗಗಳಲ್ಲಿ ಈ ಎರಡು ಭಾಷೆಗಳು ಒಂದೇ ಮಾತನ್ನು ಹೇಳುವುದಿಲ್ಲವೆಂಬುದು ಈ ಓದಿನಿಂದ ಮೂಡಿದ ತಿಳಿವು.

ಎರಡೂ ಅನುವಾದಗಳ ಮೂಲದಲ್ಲಿ ಲಂಡನ್ ಮಿಷನ್ನಿನ ದುಡಿಮೆಯಿದೆ. ಬಳ್ಳಾರಿಯಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಪ್ರಯತ್ನದಿಂದ ಇಡೀ ಬೈಬಲ್ 1831ರ ಹೊತ್ತಿಗೆ ಕನ್ನಡಕ್ಕೆ ಬಂದಿತು. ತೆಲುಗಿನ ಕೆಲಸ ವಿಶಾಖಪಟ್ಟಣದಲ್ಲಿ ಬೆಳೆಯಿತು. ಇಂದು ಬಳಕೆಯಲ್ಲಿರುವುದು ಆ ಮೊದಲ ಪಾಠಗಳಲ್ಲ, ಮತ್ತೆ ಮತ್ತೆ ಪರಿಷ್ಕೃತವಾದವು. ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಅಂತಿಮ ದಿನದ ಮಾತು ಬಂದಾಗ ಕನ್ನಡವು ಅದನ್ನು 'ನ್ಯಾಯವಿಚಾರಣೆಯ ದಿನ' ಎನ್ನುತ್ತದೆ; ತೆಲುಗು 'ವಿಮರ್ಶದಿನಮು' ಎನ್ನುತ್ತದೆ. ಉರ್ದು ಬೈಬಲ್ಲಿನಲ್ಲಿ ಅದು 'ಅದಾಲತ್ತಿನ ದಿನ'. ನಿಜಾಮರ ಆಡಳಿತದಲ್ಲಿ ಉರ್ದುವೇ ಕಚೇರಿಯ ಭಾಷೆಯಾಗಿದ್ದ ಈ ಪ್ರದೇಶದಲ್ಲಿ ಆ ಮೂರನೆಯ ಪದವೂ ಪರಕೀಯವೆನಿಸದು.

ಈ ಮೂರು ಪದಗಳು ಮೂರು ಚಿತ್ರಗಳನ್ನು ಕಟ್ಟುತ್ತವೆ. 'ಅದಾಲತ್' ಒಂದು ಸಂಸ್ಥೆ. ಅಲ್ಲಿ ಆಸನವಿದೆ, ಅಧಿಕಾರವಿದೆ. 'ವಿಚಾರಣೆ' ಒಂದು ಕ್ರಿಯೆ; ಕೇಳುವವನೊಬ್ಬ, ಹೇಳುವವನೊಬ್ಬ ಇದ್ದರಷ್ಟೇ ಅದು ನಡೆಯುತ್ತದೆ. ಯೋಗಕ್ಷೇಮ ವಿಚಾರಿಸುವುದಕ್ಕೂ ನಾವು ಇದೇ ಧಾತುವನ್ನು ಬಳಸುತ್ತೇವೆ. 'ವಿಮರ್ಶ'ದ ಮೂಲವಾದ ಸಂಸ್ಕೃತ ಧಾತುವಿಗೆ ಮುಟ್ಟುವುದು, ಸ್ಪರ್ಶಿಸಿ ಅರಿಯುವುದು ಎಂಬ ಅರ್ಥವಿದೆ. ಕನ್ನಡಿಗರಿಗಂತೂ ಆ ಪದ ಕಂಡೊಡನೆ ಸಾಹಿತ್ಯ ವಿಮರ್ಶೆಯ ನೆನಪಾಗುತ್ತದೆ. ಇದು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಈ ದಿನಕ್ಕಿರುವ ಪದ 'ಕ್ರಿಸಿಸ್'. ಬೇರ್ಪಡಿಸು, ವಿಂಗಡಿಸು ಎಂಬ ಅದರ ಧಾತುವಿನಿಂದಲೇ ಯೂರೋಪಿನ ಭಾಷೆಗಳಲ್ಲಿ ವಿಮರ್ಶೆಯನ್ನು ಸೂಚಿಸುವ ಪದಗಳು ಹುಟ್ಟಿವೆ. ಗ್ರೀಕಿನಲ್ಲಿ ಒಂದೇ ಬೇರಿನಿಂದ ಒಡೆದ ಎರಡು ಅರ್ಥಗಳನ್ನು ತೆಲುಗು ಒಂದೇ ಪದದಲ್ಲಿ ಹಿಡಿದಿದೆ.

ಹಾಗೆಂದು ತೆಲುಗನ್ನು ಗೆಲ್ಲಿಸಿ ಕನ್ನಡವನ್ನು ಸೋಲಿಸುವ ಅಗತ್ಯವಿಲ್ಲ. ಹೀಬ್ರೂ ಭಾಷೆಯ 'ಶೋಫೆತ್' ಕೇವಲ ತೀರ್ಪುಗಾರನಲ್ಲ. ಕುಗ್ಗಿದವರನ್ನು ಬಿಡಿಸಿ ವ್ಯವಸ್ಥೆಯನ್ನು ನೆಟ್ಟಗೆ ನಿಲ್ಲಿಸುವವನು. ಈ ಹೆಸರಿನ ಗ್ರಂಥವನ್ನು ತೆಲುಗು 'ನ್ಯಾಯಾಧಿಪತುಲು' ಎಂದರೆ, ಕನ್ನಡ 'ನ್ಯಾಯಸ್ಥಾಪಕರು' ಎಂದಿತು. ಅಧಿಪತಿಗೆ ನ್ಯಾಯ ಕೈಯಲ್ಲಿರುವ ಅಧಿಕಾರ. ಸ್ಥಾಪಕನಿಗೆ ಅದು ಇನ್ನೂ ಆಗಬೇಕಾದ ಕೆಲಸ. ಇಲ್ಲಿ ಕನ್ನಡವೇ ಮೂಲಕ್ಕೆ ಹೆಚ್ಚು ಹತ್ತಿರ. ಇನ್ನು 'ತೀರ್ಪು' ಎರಡೂ ಭಾಷೆಗಳ ಸಮಾನ ಆಸ್ತಿ. ಸಾಲ ತೀರುವಂತೆ, ಋಣ ತೀರುವಂತೆ, ಬಾಕಿಯುಳಿದುದು ಮುಗಿಯುವುದೇ ಅದರ ತಿರುಳು.

ದಿನವಾಚನದ ಕ್ರಮಕ್ಕೂ ಈ ಅರ್ಥಗಳಿಗೂ ಸಂಬಂಧವಿದೆ. ದಿನಕ್ಕೊಂದು ವಚನವನ್ನು ಆರಿಸಿಕೊಡುವ ಕೈಪಿಡಿಗಳ ಸಂಪ್ರದಾಯ ಹಳೆಯದು. ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ನರು 1731ರಲ್ಲೇ ಅಂಥದೊಂದನ್ನು ಅಚ್ಚುಮಾಡಿದರು. ಆಯ್ಕೆಯೆಂದರೆ ಬಿಡುವುದೂ ಹೌದು. 1971ರಲ್ಲಿ ಪರಿಷ್ಕೃತವಾದ ರೋಮನ್ ಕಥೋಲಿಕ ನಿತ್ಯಪ್ರಾರ್ಥನಾ ಗ್ರಂಥ 58, 83 ಮತ್ತು 109ನೆಯ ಕೀರ್ತನೆಗಳನ್ನು ಅವುಗಳ ಶಾಪದ ಕಾಠಿಣ್ಯಕ್ಕಾಗಿ ಕೈಬಿಟ್ಟಿತು. ಇವುಗಳಲ್ಲಿ ಮೊದಲನೆಯದು ಅನ್ಯಾಯದ ತೀರ್ಪು ಕೊಡುವ ಬಲಿಷ್ಠರ ವಿರುದ್ಧದ ಮೊರೆಯೆಂಬುದನ್ನು ಗಮನಿಸಬೇಕು. ಯಾರ ಮನಸ್ಸಿನ ಶಾಂತಿಗಾಗಿ ಯಾರ ದೂರು ಬಿಟ್ಟುಹೋಯಿತು? ಅಧ್ಯಾಯದ ನಂತರ ಅಧ್ಯಾಯವೆಂದು ಓದುವವನಿಗೆ ಈ ರಿಯಾಯಿತಿಯಿಲ್ಲ. ಆಮೋಸನ ಗದರಿಕೆಯೂ, ದೇವರು ನ್ಯಾಯತೀರಿಸಲು ಬರುವನೆಂದು ವನವೃಕ್ಷಗಳು ಹಿಗ್ಗುವ 96ನೆಯ ಕೀರ್ತನೆಯೂ ಅವನ ಪಾಲಿಗೆ ಬರುತ್ತವೆ.

ತೀರ್ಪೆಂದರೆ ಮರಗಳೇಕೆ ಹಿಗ್ಗಬೇಕು? ಈ ಪ್ರಶ್ನೆಗೆ ಲೂಕನ ಹದಿನೆಂಟನೆಯ ಅಧ್ಯಾಯದ ವಿಧವೆ ಉತ್ತರ ಕೊಡುತ್ತಾಳೆ. ಅವಳು ನ್ಯಾಯಾಧಿಪತಿಗೆ ಹೆದರುವುದಿಲ್ಲ. ತನ್ನ ವ್ಯಾಜ್ಯ ವಿಚಾರಣೆಗೆ ಬರಲಿಲ್ಲವೆಂದು ಅವನನ್ನು ಕಾಡುತ್ತಾಳೆ. ಈ ಸೀಮೆಯ ಸಭೆಗಳಲ್ಲಿ ದಲಿತ ಮೂಲದವರೇ ಹೆಚ್ಚು. 1950ರ ಅಧ್ಯಕ್ಷೀಯ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರು ಹೊರಗೇ ಉಳಿದರು. ಇಂಥ ಓದುಗರಿಗೆ 'ನ್ಯಾಯವಿಚಾರಣೆಯ ದಿನ' ಎಂಬುದು ಬೆದರಿಕೆಯಾಗಿ ಕೇಳಿಸಬೇಕಾಗಿಲ್ಲ. ಅದು ಕೊನೆಗೂ ಯಾರೋ ವಿಚಾರಿಸುವ ದಿನವೂ ಆಗಬಹುದು. ಹಾಗೆಯೇ 'ವಿಮರ್ಶದಿನಮು' ಎಂಬ ಪದ, ಇತರರ ಮೇಲೆ ತೀರ್ಪು ಹೊರಿಸುವ ಮೊದಲು ತನ್ನನ್ನು ತಾನು ಒರೆಹಚ್ಚಿಕೊಳ್ಳುವ ಹೊಣೆಯನ್ನು ಅದೇ ಓದುಗನ ಮೇಲೆ ಹೊರಿಸುತ್ತದೆ. ಮೊದಲನೆಯದು ಸಮಾಧಾನ, ಎರಡನೆಯದು ಎಚ್ಚರ. ಒಂದನ್ನು ಬಿಟ್ಟರೆ ಮತ್ತೊಂದು ಹಗೆಯಾಗಿಯೋ ಹತಾಶೆಯಾಗಿಯೋ ಕೆಡುತ್ತದೆ.

ಗಡಿಯ ಕನ್ನಡವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಶಾಲೆಗಳ ಸಂಖ್ಯೆ, ಫಲಕಗಳ ಲಿಪಿಗಳ ಸುತ್ತ ತಿರುಗುತ್ತವೆ. ಅವು ಬೇಕು. ಆದರೆ ಮನೆಯ ಪ್ರಾರ್ಥನೆಯಲ್ಲಿ ಕನ್ನಡದ ಪುಸ್ತಕ ತೆರೆಯದಾದಾಗ ಹೋಗುವುದು ಲಿಪಿ ಮಾತ್ರವಲ್ಲ, ದೇವರನ್ನು ಕೇಳುವವನನ್ನಾಗಿ ಕಾಣುವ ಒಂದು ಬಗೆಯೂ ಹೋಗುತ್ತದೆ. ತೆಲುಗು ತನ್ನ ಪದವನ್ನು ಕೊಡುತ್ತದೆ, ಅದು ಒಳ್ಳೆಯ ಪದವೇ. 'ವಿಚಾರಣೆ'ಯ ಕೆಲಸವನ್ನು ಮಾತ್ರ ಅದು ಮಾಡಲಾರದು. ಎರಡೂ ಪುಸ್ತಕಗಳನ್ನು ಓದಬಲ್ಲವರು ಇನ್ನೂ ಇರುವಾಗಲೇ ಈ ಜೋಡಿ ಓದನ್ನು ದಾಖಲಿಸುವುದು ತೌಲನಿಕ ಅಧ್ಯಯನದ ತುರ್ತು ಕೆಲಸವಾಗಿದೆ.