ಧೋಂಡಿಯ ಬೆನ್ನುಹತ್ತಿದ ಕಾಗದಗಳು

ರಿಪ್ಪನ್‌ಪೇಟೆಯಲ್ಲಿ ಮಳೆ ಹಿಡಿದಿದೆ. ಇಂಥ ಮಳೆಯಲ್ಲಿ ಓದಬೇಕಾದದ್ದು ಆರ್ಥರ್ ವೆಲ್ಲೆಸ್ಲಿಯ 1800ರ ಕಾಗದಗಳನ್ನು.

ಸೇನಾನಿಗಳ ಯುದ್ಧಪತ್ರ ಕೂಡಿಡುವವರಲ್ಲಿ ಸಹಿಯನ್ನಷ್ಟೇ ಬಯಸುವ ಪಂಗಡವೊಂದಿದೆ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ವೆಲ್ಲೆಸ್ಲಿಯ ಕಾಗದ ಸಿಕ್ಕರೆ ಅವರು ನೋಡುವುದು ಕೊನೆಯ ಸಾಲನ್ನು: 1798ಕ್ಕೆ ಮುಂಚಿನ ‘ವೆಸ್ಲಿ’ಯೋ, ಆಮೇಲಿನ ‘ವೆಲ್ಲೆಸ್ಲಿ’ಯೋ? ಹಿಂದೆ ಸಹಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡವರೂ ಇದ್ದರು. ಅದನ್ನು ಸಂಗ್ರಹವೆಂದು ನಾನು ಒಪ್ಪುವುದಿಲ್ಲ. ಕರ್ನಲ್ ಗರ್ವುಡ್ 1834ರಿಂದ ಹೊರತಂದ ವೆಲ್ಲೆಸ್ಲಿಯ ಕಾಗದಗಳ ಸಂಪುಟಗಳಲ್ಲಿ ಸಹಿಯ ಮಸಿಯಿಲ್ಲ, ಆದರೆ ದಂಡು ನಡೆದ ದಾರಿಯಿದೆ.

1800ರಲ್ಲಿ ಆ ದಂಡು ನಡೆದದ್ದು ಚನ್ನಗಿರಿಯ ಧೋಂಡಿಯ ವಾಘ್‌ನ ಹಿಂದೆ. ಅವನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೆರೆಯಿಂದ ಹೊರಬಿದ್ದ. ಬಿದನೂರು ಸೀಮೆಯಲ್ಲಿ, ಶಿಕಾರಿಪುರದಲ್ಲಿ ಬಲ ಕೂಡಿಸಿದ. ಅವನ ಬೆನ್ನುಹತ್ತಲೆಂದೇ ವೆಲ್ಲೆಸ್ಲಿ ಡಚ್ಚರ ಬಟಾವಿಯಾದ ಮೇಲಿನ ದಂಡಯಾತ್ರೆಯ ನಾಯಕತ್ವವನ್ನೂ ಬಿಟ್ಟ. ಆ ತಿಂಗಳುಗಳ ಕಾಗದಗಳಲ್ಲಿ ಶೌರ್ಯದ ಮಾತು ಕಡಿಮೆ. ಅಕ್ಕಿ, ಹೇರೆತ್ತು, ಮೈಸೂರಿನ ದಿವಾನ ಪೂರ್ಣಯ್ಯ ಒದಗಿಸಬೇಕಾದ ದವಸ, ಹೊಳೆ ದಾಟಲು ಹರಿಗೋಲು, ಇವೇ. ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ಏರಿ ವೆಲ್ಲೆಸ್ಲಿಯ ದಂಡನ್ನು ತಡೆಯಿತು. ಹುಂಚದ ಬಿಲ್ಲೇಶ್ವರದಲ್ಲಿ ಹುಟ್ಟುವ ನಮ್ಮ ಕುಮುದ್ವತಿಯೂ ಕೊನೆಗೆ ಸೇರುವುದು ಆ ಹೊಳೆಯನ್ನೇ. ಹೊಳೆ ಏರಿದ ಈ ಪುಟ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯ ಮಡಿದ. ಮರುದಿನ ವೆಲ್ಲೆಸ್ಲಿ ಕೆನರಾದ ಕಲೆಕ್ಟರ್ ಥಾಮಸ್ ಮನ್ರೋಗೆ ಬರೆದ ಕಾಗದವೇ ನನ್ನ ಅಚ್ಚುಮೆಚ್ಚು: ಗೆದ್ದೆವು, ಅವನು ಸತ್ತ, ಗುರುತು ಹಿಡಿದು ಹೆಣವನ್ನು ಫಿರಂಗಿಯ ಮೇಲೆ ಹೇರಿ ಪಾಳೆಯಕ್ಕೆ ತಂದರು. ಆತುರವೂ ಇಲ್ಲ, ಅಲಂಕಾರವೂ ಇಲ್ಲ. ಧೋಂಡಿಯನ ಎಳೆಯ ಮಗ ಸಲಾಬತ್ ಖಾನನನ್ನು ಸಾಕುವ ಹೊಣೆಯನ್ನೂ ವೆಲ್ಲೆಸ್ಲಿ ಆಮೇಲೆ ಹೊತ್ತ.

ಆದರೆ ಧೋಂಡಿಯನ ಕಡೆಯ ಒಂದು ಚೀಟಿಯೂ ನನ್ನ ಕಪಾಟಿನಲ್ಲಿಲ್ಲ. ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ. ಗೆದ್ದವರ ಟಪಾಲನ್ನೇ ಓದುತ್ತಾ ಎಷ್ಟು ದಿನ ಕೂರುವುದು? ಕೆಳದಿ ಗುಂಡಾ ಜೋಯಿಸರು ತಾಳೆಗರಿ, ಕಡತಗಳನ್ನು ಹುಡುಕಿ ತಂದು ಕೆಳದಿಯ ಸಂಗ್ರಹಾಲಯ ಕಟ್ಟಿದರು. ಹಾಗೆ ಹುಡುಕಿದರೆ ಧೋಂಡಿಯನ ಕಡೆಯ ಕಾಗದವೂ ಸಿಕ್ಕೀತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೇ ಮನೆಗಳ ಅಟ್ಟದಲ್ಲಿ ಮೋಡಿ ಲಿಪಿಯ, ಅಂದರೆ ಮರಾಠಿಯ ಹಳೇ ಓಟಬರಹದ, ಕಟ್ಟು ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅರಗಿನ ಮುದ್ರೆ ಕೀಳಬೇಡಿ. ಟೇಪು, ಲ್ಯಾಮಿನೇಷನ್ ಬೇಡವೇ ಬೇಡ. ದಾಯಾದಿಗಳು ಹಾಳೆ ಹಾಳೆಯಾಗಿ ಹಂಚಿಕೊಳ್ಳದೆ, ಕಟ್ಟನ್ನು ಕಟ್ಟಾಗಿಯೇ ಮೋಡಿ ಓದಬಲ್ಲವರ ಮುಂದಿಡಿ.